ಕಣ್ಣಿಗೆ ಬಿಡುವಿಲ್ಲದವರ ರೇಡಿಯೊ

ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಅಂಗಿಗೆ ಕಾಲರ್ ಕೂರಿಸುವುದೊಂದೇ ಅವಳ ಕೆಲಸ. ಸಂಜೆಯಾಗುವಷ್ಟರಲ್ಲಿ ಕತ್ತು ಕೊರಡಾಗಿರುತ್ತಿತ್ತು. ಯಾರಾದರೂ ಕೂಗಿದರೆ ತಲೆ ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು.

ಇಷ್ಟು ವರ್ಷ ಅವಳನ್ನು ಆ ಸ್ಟೂಲಿನ ಮೇಲೆ ಹಿಡಿದಿಟ್ಟದ್ದು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಹಳೇ ರೇಡಿಯೊ. ಬೆಳಿಗ್ಗೆ ವಾರ್ತೆ, ಆಮೇಲೆ ಹಾಡು, ಊಟ ಮುಗಿದ ಮೇಲೆ ನಾಟಕ. ಮೂವತ್ತು ಮೆಷಿನ್ನುಗಳ ಸದ್ದಿನಲ್ಲಿ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ. ಉಳಿದರ್ಧವನ್ನು ಹೆಂಗಸರು ತಾವೇ ಸೇರಿಸಿಕೊಳ್ಳುತ್ತಿದ್ದರು, ಒಮ್ಮೊಮ್ಮೆ ನಾಟಕ ಬರೆದವನಿಗಿಂತ ಚೆನ್ನಾಗಿ.

ಹೊಸದಾಗಿ ಬಂದ ಮ್ಯಾನೇಜರ್ ಕೆಟ್ಟವನೇನಲ್ಲ. "ಅಜ್ಜನ ಕಾಲದ ಡಬ್ಬ ಯಾಕಮ್ಮಾ?" ಎಂದು ರೇಡಿಯೊ ಇಳಿಸಿ, ಬಾಗಿಲಗಲದ ಟಿವಿ ಹಾಕಿಸಿದ. ಹೆಂಗಸರು ಚಪ್ಪಾಳೆ ತಟ್ಟಿದರು. ಕಾಲರ್ ಅಕ್ಕನೂ ತಟ್ಟಿದಳು.

ಮೂರನೇ ದಿನ, ಟಿವಿಯಲ್ಲಿ ಸೊಸೆಯೊಬ್ಬಳು ಅತ್ತೆಯ ಕೆನ್ನೆಗೆ ಬಾರಿಸಿದಳು. ಪಕ್ಕದ ಮೆಷಿನ್ನಿನಲ್ಲಿದ್ದ ಕಾಲರ್ ಅಕ್ಕನ ನಾದಿನಿ ಒಂದು ಕ್ಷಣ, ಒಂದೇ ಕ್ಷಣ, ತಲೆ ಎತ್ತಿದಳು. ಸೂಜಿ ಅವಳ ತೋರುಬೆರಳಿನ ಉಗುರನ್ನು ತೂರಿ ಇಳಿಯಿತು.

"ಅತ್ತಿಗೇ!"

"ಅಲ್ಲಾಡ್ಬೇಡ ಕಣೇ. ನನ್ನ ಮುಖ ನೋಡು, ಬೆರಳು ನೋಡ್ಬೇಡ."

ಕಾಲರ್ ಅಕ್ಕ ಮೆಷಿನ್ ಆರಿಸಿ, ಚಕ್ರವನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿ ಸೂಜಿ ಮೇಲೆತ್ತಿದಳು. ನಾದಿನಿಯನ್ನು ಆಸ್ಪತ್ರೆಗೆ ಕಳಿಸಿ, ರಕ್ತದ ಕೈಯಲ್ಲೇ ಮ್ಯಾನೇಜರನ ಕೋಣೆಗೆ ಹೋದಳು.

ಅವನ ಮುಖ ಬಿಳಿಚಿಕೊಂಡಿತ್ತು. "ಕೆಲಸದ ಹೊತ್ತಲ್ಲಿ ಟಿವಿ ನೋಡ್ಬಾರದು ಅಂತ ಬೋರ್ಡ್ ಹಾಕಿಸ್ತೀನಿ."

"ನೋಡ್ಬಾರದು ಅಂದ್ಮೇಲೆ ಟಿವಿ ಯಾಕೆ ಸಾರ್?"

"ನಿಮ್ಮ ಖುಷಿಗೇ ತಂದಿದ್ದಲ್ವಾ?"

"ಹೌದು ಸಾರ್. ಆದ್ರೆ ಕಣ್ಣು ಪೂರ್ತಿ ಮೆಷಿನ್ನಿಗೇ ಬೇಕು. ಖಾಲಿ ಇರೋದು ಕಿವಿ ಒಂದೇ." ಜಗಳ ಆಡುವಷ್ಟು ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಆ ಡಬ್ಬ ಎಲ್ಲಿ ಹಾಕಿದ್ದೀರಾ ಹೇಳಿ, ನಾನೇ ತಂದ್ಕೋತೀನಿ."

ಚಿಂದಿ ಬಟ್ಟೆಯ ಕೋಣೆಯಲ್ಲಿ, ಮೂಟೆಗಳ ಅಡಿಯಲ್ಲಿ ಸಿಕ್ಕಿತು. ಹಿಂದಿನ ಮುಚ್ಚಳ ಕಳಚಿ ಬಂದಿತ್ತು. ಲಂಗಕ್ಕೆ ಹಾಕುವ ಎಲಾಸ್ಟಿಕ್ಕಿನಿಂದ ಬಿಗಿದು ಕಟ್ಟಿ, ಟಿವಿ ಆರಿಸಿ, ಹಳೇ ಮೊಳೆಗೇ ತೂಗುಹಾಕಿ ಗುಂಡಿ ತಿರುಗಿಸಿದಳು. ಮೊದಲು ಬರೀ ಕರಕರ. ಆಮೇಲೆ ಯಾವುದೋ ಹೆಣ್ಣುದನಿ, ಏನೂ ಆಗೇ ಇಲ್ಲವೆನ್ನುವಂತೆ, ನಾಳೆ ಬಿಸಿಲು ಜಾಸ್ತಿ ಎಂದು ಹೇಳಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೆಷಿನ್ನುಗಳು ಒಂದೊಂದಾಗಿ ಶುರುವಾದವು.

ವಾರ ಕಳೆದು, ಬೆರಳಿಗೆ ಬಟ್ಟೆ ಸುತ್ತಿಕೊಂಡೇ ನಾದಿನಿ ಕೆಲಸಕ್ಕೆ ಬಂದಳು. ಅಂದು ಮಧ್ಯಾಹ್ನ ಮ್ಯಾನೇಜರ್ ಅಂಗಿಗಳನ್ನು ನೋಡಲು ಬಂದವನು ಕಂಬಕ್ಕೊರಗಿ ನಿಂತುಬಿಟ್ಟ. ನಾಟಕ ನಡೆಯುತ್ತಿತ್ತು. ನಡುವೆ ಫೋನ್ ಬಂದು ಹೊರಗೆ ಓಡಿದ. ಮರಳಿ ಬರುವಷ್ಟರಲ್ಲಿ ನಾಟಕ ಮುಗಿದಿತ್ತು. ಅವನು ಅತ್ತಿತ್ತ ನೋಡಿ, ಕಾಲರ್ ಅಕ್ಕನ ಪಕ್ಕಕ್ಕೆ ಬಂದು ಬಗ್ಗಿ ಕೇಳಿದ:

"ಅಕ್ಕಾ, ನಾಟಕದಲ್ಲಿ ಆ ಕಾಗದ ಬರೆದೋರು ಯಾರು?"

"ತಮ್ಮನೇ ಸಾರ್," ಎಂದಳು ಅವಳು, ಕಣ್ಣೆತ್ತದೆ. "ಅಣ್ಣನ ಹೆಸರಲ್ಲಿ."

"ಛೇ, ಪಾಪ!" ಎಂದ ಅವನು.

ಅವಳಿಗೆ ನಗು ಬಂತು. ಕತ್ತು ನೋಯುತ್ತಿತ್ತು. ಮುಂದಿನ ಕಾಲರನ್ನು ಸೂಜಿಯಡಿಗೆ ತಳ್ಳಿದಳು.