ನಿಂತ ಕಾಲು

ಬೆಲ್ಟಿನ ಕಾರ್ಖಾನೆಯಲ್ಲಿ ತೂತು ಹೊಡೆಯುವ ಸಾಲಿನ ಹೆಂಗಸರು ಕೂರುವಂತಿರಲಿಲ್ಲ. ಬಲಗಾಲಲ್ಲಿ ಪೆಡಲು ತುಳಿಯಬೇಕು, ಮೈಭಾರವನ್ನೆಲ್ಲ ಎಡಗಾಲು ಹೊರಬೇಕು. ಗಂಟೆಗೆ ಐನೂರು ಸಲ. ಕೂತರೆ ಕೈ ನಿಧಾನವಾಗುತ್ತದೆಂದು ಯಾರೋ ಕುರ್ಚಿಯಲ್ಲಿ ಕೂತು ತೀರ್ಮಾನಿಸಿದ್ದರು.

ಆ ಸಾಲಿನಲ್ಲಿ ಹದಿನಾರು ವರ್ಷ ನಿಂತವಳು ಕುದುರೆ. ಅದು ಜೊತೆಯವರು ಇಟ್ಟ ಹೆಸರು. ಪಾಳಿ ಮುಗಿದು ಎಲ್ಲರೂ ಬಸ್ಸಿಗೆ ಮುಗಿಬಿದ್ದರೆ ಇವಳು ಬೂಟು ಕಟ್ಟಿ ಮನೆಗೆ ಓಡುತ್ತಿದ್ದಳು. ಕಾರ್ಖಾನೆಗಳ ನಡುವಿನ ಪಂದ್ಯ ಮೂರು ಸಲ ಗೆದ್ದ ಮೇಲೆ ಅವಳ ಫೋಟೋ ಗೇಟಿನ ಒಳಗೆ ನೇತುಬಿತ್ತು.

"ಹದಿನಾರು ವರ್ಷ ನಿಂತಿದ್ದಕ್ಕೆ ಫೋಟೋ ಇಲ್ಲ, ಅರ್ಧ ಗಂಟೆ ಓಡಿದ್ದಕ್ಕೆ ಇದೆ ನೋಡೇ," ಎಂದು ನಕ್ಕವಳು ಅತ್ತಿಗೆ, ಅಣ್ಣನ ಹೆಂಡತಿ. ಅವಳದು ಪಕ್ಕದ ಯಂತ್ರ. ಮನೆಯೂ ಕುದುರೆಯ ಬೀದಿಯಲ್ಲೇ.

ನಲವತ್ತು ತುಂಬುವ ಹೊತ್ತಿಗೆ ಕುದುರೆಯ ಎಡ ಸೊಂಟ ಕೈಕೊಟ್ಟಿತು. ಕೀಲು ಸವೆದು ಮೂಳೆಗೆ ಮೂಳೆ ತಿಕ್ಕುತ್ತಿದೆ, ಬದಲಾಯಿಸಲೇಬೇಕು ಎಂದರು ಡಾಕ್ಟರು. ಖರ್ಚೆಲ್ಲ ನಮ್ಮದು ಎಂದು ಕಾರ್ಖಾನೆಯ ಕ್ಷೇಮಾಧಿಕಾರಿ ಆಸ್ಪತ್ರೆಗೇ ಬಂದ. ಯಾರ ಕ್ಷೇಮ ಎಂಬುದನ್ನು ಆ ಹುದ್ದೆಯ ಹೆಸರು ಹೇಳುತ್ತಿರಲಿಲ್ಲ.

"ನಮ್ಮ ಓಟಗಾರ್ತಿ ಅಂತ ಕೊಡಿಸ್ತಿದ್ದೀವಮ್ಮ. ಓಟದಿಂದ ಹೀಗಾಯ್ತು ಅಂತ ಒಂದು ಸಾಲು ಬರೆದುಕೊಡು, ಸಾಕು."

ಅವನು ಮೋಸ ಮಾಡಿದ ಎಂದು ಕುದುರೆ ಆಮೇಲೆ ಹೇಳಿಕೊಳ್ಳುವಂತೆಯೂ ಇರಲಿಲ್ಲ. ಆ ಸಾಲು ಅವಳಿಗೆ ಹಿಡಿಸಿತ್ತು. ಓಡಿ ಓಡಿ ಸೊಂಟ ಕಳೆದುಕೊಂಡೆ ಎನ್ನುವುದರಲ್ಲಿ ಒಂದು ಗತ್ತಿದೆ. ತೂತು ಹೊಡೆದು ಕಳೆದುಕೊಂಡೆ ಎಂದರೆ ಯಾರು ತಿರುಗಿ ನೋಡುತ್ತಾರೆ? 'ನನ್ನ ಸೊಂಟದ ಕೀಲು ಸವೆದದ್ದು ಓಟದಿಂದ' ಎಂದು ಬರೆದಳು. ಅದೂ ಸಪ್ಪೆ ಅನ್ನಿಸಿ, ಯಾರೂ ಕೇಳದಿದ್ದರೂ, ಕೊನೆಗೆ ತಾನಾಗಿ ಒಂದು ಪದ ಸೇರಿಸಿದಳು: 'ಮಾತ್ರ'.

ಆಪರೇಷನ್ ಆಯಿತು. ಮೂರು ತಿಂಗಳು ಅವಳನ್ನು ನೋಡಿಕೊಂಡವಳು ಅತ್ತಿಗೆ. ಬಗ್ಗುವಂತಿಲ್ಲ, ಕಾಲ ಮೇಲೆ ಕಾಲು ಹಾಕುವಂತಿಲ್ಲ, ತಗ್ಗಿನ ಕುರ್ಚಿ ಮುಟ್ಟುವಂತಿಲ್ಲ. ಅತ್ತಿಗೆ ಪಾಳಿ ಮುಗಿಸಿ ಬಂದು ಮೀಯಿಸುವಳು, ಕಾಲುಚೀಲ ಏರಿಸುವಳು, ವಾಕರ್ ಹಿಡಿಸಿ ಪಡಸಾಲೆಯ ಉದ್ದಕ್ಕೂ ನಡೆಸುವಳು.

"ಕುದುರೆಗೆ ಲಾಳ ಕಟ್ಟೋ ಕೆಲಸ ನನ್ನ ಹಣೇಲಿ ಬರೆದಿತ್ತಲ್ಲೇ! ಒದ್ದುಗಿದ್ದೀಯ, ಹುಷಾರು."

ಕಾಲುಚೀಲ ಏರಿಸಿ ಏಳುವಾಗ ಅವಳು ಎಡಗೈಯನ್ನು ಮಂಚದ ಅಂಚಿಗೆ ಊರಿ, ಉಸಿರು ಬಿಗಿಹಿಡಿದು ಏಳುತ್ತಿದ್ದಳು. ಕುದುರೆ ನೋಡುತ್ತಿದ್ದಳು. ಆಯಾಸ ಅಂದುಕೊಂಡಳು. ತನ್ನ ನೋವಿನಲ್ಲಿ ಮುಳುಗಿದವರಿಗೆ ಪಕ್ಕದವರ ನೋವು ಆಯಾಸದಂತೆಯೇ ಕಾಣುತ್ತದೆ.

ಒಂಬತ್ತನೆಯ ವಾರ ವ್ಯಾಯಾಮ ಕಲಿಸುವ ಮೇಡಂ ಎಕ್ಸರೇ ಎತ್ತಿ ಹಿಡಿದು ಹುಬ್ಬು ಗಂಟಿಕ್ಕಿದಳು.

"ಅಲ್ರೀ, ಓಡುವಾಗ ಒಂಟಿಕಾಲಲ್ಲಿ ಕುಂಟಾಬಿಲ್ಲೆ ಆಡ್ತಿದ್ರಾ? ಬಲಗಡೆ ಕೀಲು ಹೊಸದರ ಹಾಗಿದೆ. ಎಡಗಡೇದು ಮಾತ್ರ ಹೇಗೆ ಹೋಯ್ತು?"

ಕುದುರೆ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಓಟಕ್ಕೆ ಎರಡು ಕಾಲು ಬೇಕು. ಒಂದೇ ಕಾಲು ಕೇಳಿದ್ದು ಯಂತ್ರ.

ಅಂದೇ ಹೋಗಿ ಆ ಕಾಗದ ವಾಪಸು ಕೇಳಬೇಕಿತ್ತು. ಹೋಗಲಿಲ್ಲ. ಪಂದ್ಯ ಮರೆತುಬಿಡಿ, ಆರು ತಿಂಗಳಾದ ಮೇಲೆ ಮೆಲ್ಲಗೆ ಓಡಿದರೆ ಬೈಯುವುದಿಲ್ಲ ಎಂದಿದ್ದರು ಡಾಕ್ಟರು. ಈಗ ಬಾಯಿ ಬಿಟ್ಟರೆ ಕಾರ್ಖಾನೆಯ ದುಡ್ಡಲ್ಲಿ ನಡೆಯುವ ವ್ಯಾಯಾಮಕ್ಕೆ ಕಲ್ಲು ಬೀಳುತ್ತದೆ. ಒಮ್ಮೆ ಓಡಿಬಿಡೋಣ, ಆಮೇಲೆ ಹೇಳೋಣ ಎಂದುಕೊಂಡಳು. ಆಮೇಲೆ ಎಂಬುದು ಎಂಥ ಮೆತ್ತನೆಯ ಹಾಸಿಗೆ! ಅದರಲ್ಲಿ ನಾಲ್ಕು ತಿಂಗಳು ಮಲಗಿದಳು.

ಏಳನೆಯ ತಿಂಗಳ ಒಂದು ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ಓಡಿದಳು. ಒಂದು ದೀಪದ ಕಂಬದಿಂದ ಮುಂದಿನ ಕಂಬಕ್ಕೆ, ಅಷ್ಟೇ. ಮತ್ತೆ ನಡಿಗೆ, ಮತ್ತೊಂದು ಕಂಬ. ಹೊಸ ಕೀಲು ಎಣ್ಣೆ ಬಿಟ್ಟ ಬಾಗಿಲಂತೆ ಸದ್ದಿಲ್ಲದೆ ತಿರುಗಿತು. ಯಾರೂ ಇಲ್ಲದ ದಂಡೆಯಲ್ಲಿ ಅವಳು ಗಟ್ಟಿಯಾಗಿ ಅತ್ತಳು.

ಖುಷಿ ಹೇಳಿಕೊಳ್ಳಲು ಸಂಜೆ ಹೋದಾಗ ಅತ್ತಿಗೆ ಗೋಡೆಗೊರಗಿ ನಿಂತಿದ್ದಳು.

"ಕೂತ್ಕೊಳಿ ಅತ್ತಿಗೆ."

"ಕೂತ್ರೆ ಏಳೋಕಾಗಲ್ಲ ಕಣೇ. ನಂದೂ ಎಡಗಡೆ ಹೋಗಿದೆ. ಇವತ್ತು ಆಪರೇಷನ್ನಿಗೆ ಅರ್ಜಿ ಹಿಡ್ಕೊಂಡು ಹೋಗಿದ್ದೆ. ನಿನ್ನ ಕಾಗದ ತೆಗೆದು ತೋರಿಸಿದ ಆ ಕ್ಷೇಮಾಧಿಕಾರಿ. ನಿಂತ್ರೆ ಸವೆಯೋದಾದ್ರೆ ನಿಮ್ಮ ಸಾಲಿನವಳೇ ಹೀಗ್ಯಾಕೆ ಬರೀತಾಳೆ, ನೀನೇನು ಓಡ್ತೀಯಾ ಅಂತ ಕೇಳ್ದ." ಗೋಡೆ ಬಿಡದೆ ಕೇಳಿದಳು, "ಆ 'ಮಾತ್ರ' ಅನ್ನೋದನ್ನ ಯಾರೇ ಬರೆಸಿದ್ದು? ಅವನೇ ತಾನೆ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅತ್ತಿಗೆಯ ಕಣ್ಣು ಅದನ್ನೇ ಬೇಡುತ್ತಿತ್ತು.

"ಯಾರೂ ಬರೆಸಲಿಲ್ಲ ಅತ್ತಿಗೆ. ನಾನೇ."

ಮರುದಿನ ಬೆಳಿಗ್ಗೆ ಕುದುರೆ ಕ್ಷೇಮಾಧಿಕಾರಿಯ ಮೇಜಿನ ಮುಂದಿದ್ದಳು.

"ನಾನು ಬರೆದದ್ದು ಸುಳ್ಳು. ಸವೆದದ್ದು ನಿಂತು ನಿಂತು."

"ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಆಗಿಂದು."

"ಹಾಗಾದ್ರೆ ಸುಳ್ಳು ಹೇಳೋ ಅಭ್ಯಾಸ ಇದೆ ಅಂತಾಯ್ತಲ್ಲಮ್ಮ." ಅವನು ನಕ್ಕ. "ಅಂಥೋಳ ಮಾತು ಈಗ್ಯಾಕೆ ನಂಬಲಿ?"

ಅವಳು ಸುಮ್ಮನಾಗಲಿಲ್ಲ. ಸಾಲಿನ ಹನ್ನೊಂದು ಹೆಂಗಸರಿಗೆ ಒಂದೊಂದು ಚೀಟಿ ಕೊಟ್ಟು, ನಿಮಗೆ ಯಾವ ಕಡೆ ನೋವು ಅಂತ ಬರೀರಿ ಎಂದಳು. ಒಂಬತ್ತು ಚೀಟಿಗಳಲ್ಲಿ 'ಎಡ' ಎಂದಿತ್ತು. ಇಬ್ಬರು ಹೆದರಿ ಖಾಲಿ ಕೊಟ್ಟರು. ಅವನ್ನೆಲ್ಲ ಎಕ್ಸರೇ ಜೊತೆ ಕಾರ್ಮಿಕ ಇಲಾಖೆಗೆ ಕೊಟ್ಟು ಬಂದಳು. ವಿಚಾರಣೆಗೆ ಕರೆಯುತ್ತೇವೆ ಎಂದರು. ಕರೆಯುವ ಮೊದಲೇ, ನಿಲ್ಲಲಾಗದವರಿಗೆ ಇಲ್ಲಿ ಕೆಲಸವಿಲ್ಲ ಎಂದು ಕಾರ್ಖಾನೆ ಅತ್ತಿಗೆಯನ್ನು ಮನೆಗೆ ಕಳಿಸಿತು.

"ವಿಚಾರಣೆಯಲ್ಲಿ ಎಲ್ಲ ಹೇಳ್ತೀನಿ ಅತ್ತಿಗೆ. ನಿಮ್ಮ ಆಪರೇಷನ್ ಖರ್ಚು ಕೊಡಿಸೇ ಕೊಡಿಸ್ತೀನಿ."

"ಹೇಳು. ಹೇಳ್ದೆ ಇನ್ನೇನು ಮಾಡ್ತೀಯ." ಅತ್ತಿಗೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ನಿನ್ನ ಕಾಲು ಸರಿಹೋಗ್ಲಿ ಅಂತ ಅಷ್ಟು ದಿನ ಬೇಡ್ಕೊಂಡೋಳು ನಾನು. ಈಗ ಅದು ಸರಿಹೋಗಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣೇ. ತಪ್ಪು ಅಂತ ಗೊತ್ತು. ಆದ್ರೂ ಉರಿಯುತ್ತೆ. ಬೆಳಿಗ್ಗೆ ಓಡೋಕೆ ಹೋಗುವಾಗ ನಮ್ಮ ಕಿಟಕಿ ಮುಂದೆ ಹೋಗ್ಬೇಡ."

"ಓಡೋದನ್ನೇ ಬಿಟ್ಬಿಡ್ತೀನಿ."

"ಅದೊಂದು ಹೊರೆ ಬೇರೆ ನನ್ನ ತಲೆ ಮೇಲೆ ಹೊರಿಸ್ಬೇಡ. ಓಡು. ನನ್ನ ಕಣ್ಣಿಗೆ ಬೀಳ್ದೆ ಓಡು, ಅಷ್ಟೇ."

ಅಂದಿನಿಂದ ಕುದುರೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಕಾಲುವೆಗೆ ಹೋಗುತ್ತಾಳೆ. ಅರ್ಧ ಮೈಲಿ ಹೆಚ್ಚು. ಕಾಲಿಗೆ ಅದೇನೂ ಕಷ್ಟವಾಗುವುದಿಲ್ಲ.