ನೆರಳಿನಲ್ಲಿ ಒಣಗಿದ ಪಪ್ಪಾಯಿ ಹಾಲು

ಶುಕ್ರವಾರ ಸೇಡಂ ಕಾಲೇಜಿನಿಂದ ತೆಂಗಳಿಗೆ ಬಂದ ಮೊಮ್ಮಗಳು ಅಂಬುಜಾ, ಕಪ್ಪು ಎಕ್ಸ್‌ರೇ ಫಿಲ್ಮಿನ ತುಂಡೊಂದನ್ನು ನನ್ನ ಮಡಿಲಿಗೆ ಎಸೆದಳು.

"ಇದರ ಕಪ್ಪು ಒಂದು ಚುಕ್ಕಿನೂ ಅಳಿಸಿಲ್ಲ ಆಯಿ. ಸೋಮವಾರನೂ ಆಗಲಿಲ್ಲಂದ್ರ ಕಲಬುರಗಿ ವಿಜ್ಞಾನ ಸ್ಪರ್ಧಾದಿಂದ ನನ್ನ ಹೆಸರು ತಗೀತಾರ."

ಅವಳ ನೋಟುಬುಕ್ಕನ್ನು ಬೆರಳಿಟ್ಟು ಮೂರು ಸಲ ಓದಿದೆ. ನನ್ನದು ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಅವಸರಕ್ಕೆ ಬರುವುದಿಲ್ಲ. ಪಪ್ಪಾಯಿ ಕಾಯಿಯ ಹಾಲಿನಲ್ಲಿ ಪಪೈನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ಕತ್ತರಿಸುವುದೇ ಅದರ ಕೆಲಸ. ಫಿಲ್ಮಿನ ಕಪ್ಪನ್ನು ಹಿಡಿದಿಟ್ಟ ಪದರವೂ ಪ್ರೋಟೀನೇ. ಅದು ಕರಗಿದರೆ ಫಿಲ್ಮು ಗಾಜಿನಂತಾಗಬೇಕು.

"ಹಾಲು ಹ್ಯಾಂಗ ಒಣಗಿಸಿದಿ?"

"ಹಪ್ಪಳ ಒಣಗಿಸ್ದಂಗ. ಮಾಳಿಗಿ ಮ್ಯಾಲ, ಕಬ್ಬಿಣದ ತಾಟಿನ್ಯಾಗ. ಮೂರು ದಿನ."

ನಮ್ಮ ಮಾಳಿಗೆಗೆ ಹಾಸಿದ್ದು ಶಹಾಬಾದ ಕಲ್ಲು. ಏಪ್ರಿಲ್ ಬಿಸಿಲಿನಲ್ಲಿ ಅದರ ಮೇಲೆ ಬರಿಗಾಲು ಇಡಲಾಗದು.

"ಹಪ್ಪಳಕ್ಕ ಬಿಸಿಲು ಬೇಕು, ಇದಕ್ಕ ಬ್ಯಾಡ ಹುಚ್ಚಿ. ಬಿಸಿಲಿಗೆ ಹಾಲಿನ ಕಸುವೇ ಸಾಯ್ತದ. ಸತ್ತ ಎತ್ತಿಗೆ ಗಳೆ ಹೂಡಿದ್ರ ಎಳೀತದೇನು?"

ಅಡುಗೆಯ ಹಾಜಿಸಾಬರ ಕೈಕೆಳಗೆ ಮದುವೆ ಊಟದ ಮಾಂಸಕ್ಕೆ ಮೂವತ್ತು ವರ್ಷ ಪಪ್ಪಾಯಿ ಕಾಯಿ ಹೆರೆದವಳು ನಾನು. ಮಾಂಸ ಮೆತ್ತಗಾಗುತ್ತಿತ್ತು, ಜೊತೆಗೆ ನನ್ನ ಬೆರಳಿನ ಚರ್ಮವೂ ಸುಲಿಯುತ್ತಿತ್ತು. ಆ ಹಾಲಿಗೆ ಕಬ್ಬಿಣ ಸೋಕಿಸಿದರೆ, ಬಿಸಿಲು ತೋರಿಸಿದರೆ ಅವರು ಕೂಗಾಡುತ್ತಿದ್ದರು.

ಶನಿವಾರ ಬೆಳಗಾಗುವಾಗ ಬಿದಿರಿನ ಸೀಳಿನಿಂದ ಹಿತ್ತಲ ಪಪ್ಪಾಯಿ ಗಿಡದ ಕಾಯಿಗಳಿಗೆ ಗೀರು ಹಾಕಿದೆ. ಗಾಜಿನ ತಟ್ಟೆಗೆ ಇಳಿದ ಹಾಲನ್ನು ತೆಳುವಾಗಿ ಹರಡಿ, ಪಡಸಾಲೆಯ ನೆರಳಿನಲ್ಲಿ ಗಾಳಿಗಿಟ್ಟೆ. ಎರಡು ದಿನಕ್ಕೆ ಬೆಳ್ಳಗೆ ಪುಡಿಯಾಯಿತು. ಸೋಮವಾರ ಪುಡಿಯ ಬಟ್ಟಲು ಹಿಡಿದು ನಾನೇ ಅವಳೊಡನೆ ಬಸ್ಸು ಹತ್ತಿದೆ.

ಪ್ರಯೋಗಾಲಯದಲ್ಲಿ ಅಂಬುಜಾ ಪುಡಿ ಕಲಸಿದ ನೀರನ್ನು ಎರಡು ಗಾಜಿನ ನಳಿಗೆಗಳಿಗೆ ಹಾಕಿ, ಒಂದನ್ನು ಚೆನ್ನಾಗಿ ಕುದಿಸಿ ಆರಿಸಿದಳು. ಎರಡರಲ್ಲೂ ಫಿಲ್ಮಿನ ತುಂಡು ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿಟ್ಟಳು. ಅರ್ಧ ತಾಸಿಗೆ ಕುದಿಸದ ನಳಿಗೆಯ ಫಿಲ್ಮಿನಿಂದ ಕಪ್ಪು ಪೊರೆ ಕಳಚಿ ತಳಕ್ಕೆ ಇಳಿಯಿತು.

"ಪೊರೆ ಬರೇ ನೀರಿಗೇ ಬಿಟ್ಟಿರಬೇಕು ಬಿಡು," ಎಂದರು ಅವಳ ಶಿಕ್ಷಕಿ ಜಯಮಾಲಾ ಮೇಡಂ.

ಅಂಬುಜಾ ಕುದಿಸಿದ ನಳಿಗೆಯ ಫಿಲ್ಮನ್ನು ಎತ್ತಿ ತೋರಿಸಿದಳು. ಅದು ಕಪ್ಪಗೇ ಇತ್ತು. "ಇದೂ ನೀರಾಗೇ ಇತ್ತಲ್ರಿ ಮೇಡಂ. ಕುದಿಸಿದ್ರ ಕಿಣ್ವ ಕೆಟ್ಟು ಹೋಗ್ತದರಿ."

ಮೇಡಂ ಎರಡೂ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹಾಲು ಒಣಗಿಸಿದ್ದು ನಾನೆಂದು ಅಂಬುಜಾ ಹೇಳಿದ ಮೇಲೆ ನೋಟುಬುಕ್ಕು ತೆರೆದು, ಒಣಗಿಸಿದ ವಿಧಾನ ಎಂದಿದ್ದಲ್ಲಿ ಪೆನ್ನಿಟ್ಟು ಅದನ್ನು ನನ್ನ ಕಡೆಗೆ ಸರಿಸಿದರು.

"ನೀವು ಮಾಡಿದ್ದು ನೀವೇ ಬರೀರಿ ಆಯಿ. ಕಲಬುರಗಿಗೆ ಇದೇ ಹೋಗ್ತದ."

ನಿಧಾನ ಬರೆದೆ: ಗಾಜಿನ ತಟ್ಟೆ, ನೆರಳು, ಎರಡು ದಿನ, ಕಬ್ಬಿಣ ಮುಟ್ಟಿಸಿಲ್ಲ. ಕೆಳಗೆ ನನ್ನ ಹೆಸರು, ಮಾಣಿಕಮ್ಮ.

"ಕಲಬುರಗಿಗೆ ನೀನೂ ಬಾ ಆಯಿ," ಎಂದಳು ಅಂಬುಜಾ.

"ಬರ್ತೀನಿ. ಬಟ್ಟಲು ಮಾತ್ರ ನಾನೇ ಹಿಡೀತೀನಿ. ನೀ ಮತ್ತ ಮಾಳಿಗಿ ಮ್ಯಾಲ ಇಟ್ಟುಬಿಟ್ಟೀ!"