ಸತ್ತ ಕೋಶಗಳ ಒಪ್ಪಿಗೆ

ಟಾನ್ಸಿಲ್ ಗಡ್ಡೆಯೊಳಗೆ ಕೆಲವು ಕೋಶಗಳಿವೆ. ಒಳನುಗ್ಗಿದ ರೋಗಾಣುವನ್ನು ಹಿಡಿದು, ಚೂರು ಮಾಡಿ, ಒಂದು ಚೂರನ್ನು ಮೈಗೆ ಅಂಟಿಸಿಕೊಂಡು ಉಳಿದ ಕೋಶಗಳಿಗೆ ತೋರಿಸುವುದೇ ಅವುಗಳ ಕಸುಬು. ಪ್ರಯೋಗಾಲಯದವರು ಇಟ್ಟ ಅಡ್ಡಹೆಸರು ‘ಚಾಡಿಕೋರರು’. ಚಾಡಿಯೆಂದರೆ ಪ್ರಾಣ ಬಿಡುವ ಪ್ರೊಫೆಸರು ಮೂವತ್ತು ವರ್ಷ ಇವುಗಳನ್ನೇ ನಂಬಿ ಬದುಕಿದ್ದರು.

ಈಗ ಅವರಿಗೆ ಚಾಡಿಕೋರರ ಹೊಸ ಜಾತಿಯೇ ಸಿಕ್ಕಿಬಿಟ್ಟಿತ್ತು. ಯಂತ್ರದ ಪರದೆಯ ಮೂಲೆಯಲ್ಲಿ ಒಂದು ಗುಂಪು ಕೋಶಗಳು, ಜಾತಿ ಗುರುತಿಸಲು ಹಾಕಿದ ಏಳೂ ಬಣ್ಣ ಹಚ್ಚಿಕೊಂಡು ಮೆರೆಯುತ್ತಿದ್ದವು. ಅದಕ್ಕೆ ತಮ್ಮ ಹೆಸರನ್ನೇ ಇಡುವ ಯೋಚನೆಯೂ ಆಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಬಣ್ಣ ಹಾಕಿದ ಸಹಾಯಕಿಗೆ ಮಾತ್ರ ಅನ್ನ ಸೇರುತ್ತಿರಲಿಲ್ಲ. ಆಪರೇಷನ್ ಆದ ಟಾನ್ಸಿಲ್ ಬಂದ ತಕ್ಷಣ ಮಂಜುಗಡ್ಡೆಯ ಮೇಲಿಡಬೇಕು. ಹೊಸ ಜಾತಿ ಸಿಕ್ಕ ದಿನ ಪ್ರೊಫೆಸರು ಅತಿಥಿಗಳಿಗೆ ಯಂತ್ರ ತೋರಿಸಲು ಅವಳನ್ನು ಹಿಡಿದಿಟ್ಟುಕೊಂಡರು. ಟಾನ್ಸಿಲ್ ಇದ್ದ ಡಬ್ಬಿ ನಾಲ್ಕು ಗಂಟೆ ಕಿಟಕಿಯ ಬಿಸಿಲು ಕಾಯಿಸಿತು. ಸಾಲದ್ದಕ್ಕೆ, ಸತ್ತ ಕೋಶಗಳನ್ನು ತೋರಿಸಿಕೊಡುವ ಬಣ್ಣವನ್ನು ಅವಳೇ ಗಡಿಬಿಡಿಯಲ್ಲಿ ಮರೆತಳು. ಸತ್ತ ಕೋಶಕ್ಕೆ ಯಾವ ಬಣ್ಣವಾದರೂ ಅಂಟುತ್ತದೆ. ಬೇಡ ಅನ್ನಲು ಜೀವವಾದರೂ ಇರಬೇಕಲ್ಲ!

ನಿನ್ನೆ ಬಂದ ಟಾನ್ಸಿಲ್ ಅನ್ನು ಅವಳು ಎರಡು ಮಾಡಿದಳು. ಅರ್ಧ ಮಂಜಿನ ಮೇಲೆ, ಅರ್ಧ ಅದೇ ಕಿಟಕಿಯಲ್ಲಿ. ಅಂದು ಮರೆತ ಬಣ್ಣವನ್ನೂ ಈ ಸಲ ಹಾಕಿದಳು. ಮಂಜಿನದರಲ್ಲಿ ಹೊಸ ಜಾತಿಯ ಸುಳಿವಿಲ್ಲ. ಬಿಸಿಲಿನದರಲ್ಲಿ ಸಂತೆಯೇ ನೆರೆದಿತ್ತು, ಎಲ್ಲ ಸತ್ತವು.

ಇಂದಿನ ಸಭೆಯಲ್ಲಿ ಪ್ರೊಫೆಸರರ ಮುಂದೆ ಎರಡು ಕಾಗದ: ಹೊಸ ಜಾತಿಯ ಲೇಖನ, ಅವಳ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸುವ ಪತ್ರ. ಎರಡಕ್ಕೂ ಸಹಿ ಹಾಕಬೇಕಾದದ್ದು ಒಂದೇ ಪೆನ್ನು.

“ಎಲ್ರೂ ಒಪ್ಪಿದ ಹಾಗಾಯ್ತಲ್ಲ?”

ಐದು ತಲೆಗಳು ಆಡಿದವು. ಅವಳು ಎದ್ದು, ನಿನ್ನೆಯ ಎರಡು ಅರ್ಧಗಳ ಚಿತ್ರಗಳನ್ನೂ ಮೇಜಿನ ಮೇಲಿಟ್ಟಳು.

“ಸರ್, ಅವು ಸತ್ತಿವೆ. ಬಣ್ಣ ಮರೆತದ್ದು ನನ್ನ ತಪ್ಪು.”

ಪ್ರೊಫೆಸರು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. “ಇದನ್ನ ನನ್ ಹತ್ರ ಮಾತ್ರ ಹೇಳ್ಬಹುದಿತ್ತಲ್ಲಮ್ಮ?”

“ಸೋಮವಾರ ಅನುಮಾನ ಹೇಳ್ದೆ ಸರ್. ಹೊಟ್ಟೆಕಿಚ್ಚು ಅಂದ್ರಿ.”

“ನನಗೂ ಮೊದ್ಲಿಂದ ಅನುಮಾನ ಇತ್ತು ಸರ್,” ಎಂದ ಈಗಷ್ಟೇ ತಲೆಯಾಡಿಸಿದ್ದ ಹಿರಿಯ ಸಹೋದ್ಯೋಗಿ.

ಪ್ರೊಫೆಸರು ಪೆನ್ನಿನ ಮುಚ್ಚಳ ಹಾಕಿದರು. “ಹಾಗಾದ್ರೆ ಹೊಸ ಜಾತಿ ಅಲ್ಲ. ಒಪ್ತೀರಾ?”

ಅದೇ ಐದು ತಲೆಗಳು ಅಷ್ಟೇ ಉತ್ಸಾಹದಿಂದ ಆಡಿದವು. ಈ ಸಲ ಅವಳೂ ತಲೆಯಾಡಿಸಿದಳು. ಸಹಿಯಿಲ್ಲದ ಅವಳ ಪತ್ರ ಡ್ರಾಯರಿನೊಳಗೆ ಹೋಯಿತು.